ಮಹಾಸಭೆಯಲ್ಲಿ ನಿಮ್ಮ ಗೊತ್ತುವಳಿ: ಮಂಡಿಸುವುದು ಹೇಗೆ?

ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಷೇರುದಾರರ ಇ–ಮೇಲ್‌ಗೆ ಸಾಲುಸಾಲಾಗಿ ವಾರ್ಷಿಕ ಮಹಾಸಭೆಯ ಸೂಚನಾಪತ್ರಗಳು ಬರುತ್ತವೆ. ಹೆಚ್ಚಿನವರು ತೆರೆದೂ ನೋಡುವುದಿಲ್ಲ. ತೆರೆದವರಿಗೆ ಕಾಣುವುದು ಆಡಳಿತ ಮಂಡಳಿ ಸಿದ್ಧಪಡಿಸಿದ ಪಟ್ಟಿ: ಲೆಕ್ಕಪತ್ರಕ್ಕೆ ಒಪ್ಪಿಗೆ, ಲಾಭಾಂಶ, ನಿರ್ದೇಶಕರ ಮರುನೇಮಕ. ಆ ಪಟ್ಟಿಗೆ ಷೇರುದಾರರೂ ತಮ್ಮದೊಂದು ಗೊತ್ತುವಳಿ ಸೇರಿಸಲು 2013ರ ಕಂಪನಿ ಕಾಯ್ದೆಯಲ್ಲಿ ಅವಕಾಶವಿದೆ. ಮುಖ್ಯ ಬಾಗಿಲು ಎತ್ತರದಲ್ಲಿದೆ, ಸಾಮಾನ್ಯರ ಕೈಗೆ ಎಟುಕುವುದಿಲ್ಲ. ಎಟುಕುವ ಬೇರೆ ಬಾಗಿಲುಗಳಿವೆ. ಅವುಗಳ ಸುದ್ದಿಯನ್ನು ಯಾವ ಸೂಚನಾಪತ್ರವೂ ಎತ್ತುವುದಿಲ್ಲ.

ನೀವು ನಿಜವಾಗಿ ಸದಸ್ಯರೇ?

ಡಿಮ್ಯಾಟ್ ಖಾತೆಯಲ್ಲಿ ನಿಮ್ಮ ಹೆಸರಿನಲ್ಲೇ ಷೇರು ಇದ್ದರೆ ನೀವು ಕಂಪನಿಯ ಸದಸ್ಯರು. ಮ್ಯೂಚುವಲ್ ಫಂಡ್ ಮೂಲಕ ಹೂಡಿದವರು ಸದಸ್ಯರಲ್ಲ. ಅಲ್ಲಿ ಮತದ ಹಕ್ಕು ಫಂಡ್‌ನದು.

ಕಂಪನಿ ಯಾವ ಕಾನೂನಿಗೆ ಒಳಪಟ್ಟಿದೆ ಎಂಬುದನ್ನೂ ನೋಡಿಕೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಂದ್ರ ಕಚೇರಿ ಇರುವ ಕೆನರಾ ಬ್ಯಾಂಕ್‌ನ ಷೇರು ಪೇಟೆಯಲ್ಲಿ ವಹಿವಾಟಾಗುತ್ತದೆ, ಆದರೆ ಆ ಬ್ಯಾಂಕ್ ಇರುವುದು ಬ್ಯಾಂಕ್ ರಾಷ್ಟ್ರೀಕರಣ ಕಾಯ್ದೆಯ ಅಡಿಯಲ್ಲಿ. ಇಲ್ಲಿ ಹೇಳುವ ಸೆಕ್ಷನ್‌ಗಳನ್ನು ಹಿಡಿದುಕೊಂಡು ಅಲ್ಲಿಗೆ ಹೋಗಿ ಪ್ರಯೋಜನವಿಲ್ಲ. ಮಂಗಳೂರಿನ ಕರ್ಣಾಟಕ ಬ್ಯಾಂಕ್ ಹಾಗಲ್ಲ, ಅದು ಕಂಪನಿ.

ಇನ್ನು ವಿಳಾಸ. ಕೋರಿಕೆ ಪತ್ರ ತಲುಪಬೇಕಾದುದು ನೋಂದಾಯಿತ ಕಚೇರಿಗೆ. ನಮ್ಮೂರಿನವರು ಎಡವುವುದು ಇಲ್ಲೇ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಟೈಟನ್‌ನ ದೊಡ್ಡ ಕಚೇರಿ ಇದೆ, ಆದರೆ ನೋಂದಾಯಿತ ಕಚೇರಿ ಗಡಿಯಾಚೆ ತಮಿಳುನಾಡಿನ ಹೊಸೂರಿನಲ್ಲಿ. ಬ್ರಿಟಾನಿಯಾದ ಕಾರ್ಯನಿರ್ವಹಣೆ ಬೆಂಗಳೂರಿನಿಂದ, ನೋಂದಾಯಿತ ಕಚೇರಿ ಕೋಲ್ಕತ್ತದಲ್ಲಿ. ಇನ್ಫೊಸಿಸ್ ಮತ್ತು ವಿಪ್ರೊ ವಿಷಯದಲ್ಲಿ ಈ ಗೊಂದಲವಿಲ್ಲ. ಒಂದು ಎಲೆಕ್ಟ್ರಾನಿಕ್ ಸಿಟಿ, ಇನ್ನೊಂದು ಸರ್ಜಾಪುರ ರಸ್ತೆಯ ದೊಡ್ಡಕನ್ನೆಲ್ಲಿ. ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಕಂಪನಿಯ ಹೆಸರು ಹಾಕಿದರೆ ನೋಂದಾಯಿತ ವಿಳಾಸ ಉಚಿತವಾಗಿ ಸಿಗುತ್ತದೆ.

ಮುಖ್ಯ ಬಾಗಿಲು: ಶೇ 10

ಸೆಕ್ಷನ್ 111ರ ಪ್ರಕಾರ, ಮತದಾನದ ಹಕ್ಕಿರುವ ಪಾವತಿಯಾದ ಬಂಡವಾಳದ (ಷೇರುಗಳಿಗಾಗಿ ಕಂಪನಿಗೆ ಕಟ್ಟಿದ ಮೂಲ ಹಣದ) ಕನಿಷ್ಠ ಹತ್ತನೇ ಒಂದು ಪಾಲು ಹೊಂದಿರುವ ಸದಸ್ಯರು ಲಿಖಿತವಾಗಿ ಕೋರಿದರೆ, ಕಂಪನಿ ಅವರ ಗೊತ್ತುವಳಿಯನ್ನು ಎಲ್ಲ ಸದಸ್ಯರಿಗೂ ತಿಳಿಸಬೇಕು. ಜೊತೆಗೆ ಅವರ ವಿವರಣೆಯನ್ನೂ ಹಂಚಬೇಕು. ಒಬ್ಬರೇ ಶೇ 10 ಹೊಂದಿರಬೇಕೆಂದಿಲ್ಲ, ಎಲ್ಲರದೂ ಸೇರಿ ಅಷ್ಟಾದರೆ ಸಾಕು.

ಸಾಕು ಎನ್ನುವುದು ಸುಲಭ. ಇನ್ಫೊಸಿಸ್‌ನ ಒಟ್ಟು ಷೇರುಗಳು 400 ಕೋಟಿಗೂ ಹೆಚ್ಚು. ಶೇ 10 ಎಂದರೆ 40 ಕೋಟಿ ಷೇರು. ಸಂಸ್ಥಾಪಕ ಕುಟುಂಬಗಳೆಲ್ಲ ಸೇರಿದರೂ ಅವರ ಪಾಲು ಶೇ 15ರ ಆಸುಪಾಸು. ಕಂಪನಿ ಕಟ್ಟಿದವರೇ ಒಟ್ಟಾಗಿ ಬಂದು ದಾಟಬೇಕಾದ ಮಿತಿಯನ್ನು ಮಲ್ಲೇಶ್ವರದ ನಿವೃತ್ತ ಶಿಕ್ಷಕರು ದಾಟುವುದು ಹೇಗೆ?

ಮೊದಲು ಹೀಗಿರಲಿಲ್ಲ. 1956ರ ಕಂಪನಿ ಕಾಯ್ದೆಯ ಸೆಕ್ಷನ್ 188ರಲ್ಲಿ ಶೇ 5ರಷ್ಟು ಮತಬಲ ಸಾಕಿತ್ತು. ಅದೂ ಇಲ್ಲದಿದ್ದರೆ, ಒಟ್ಟು ₹1 ಲಕ್ಷ ಪಾವತಿಯಾದ ಷೇರು ಹೊಂದಿರುವ ನೂರು ಸದಸ್ಯರು ಸೇರಿದರೂ ಆಗುತ್ತಿತ್ತು. ನೂರು ಜನರನ್ನು ಒಂದು ಕಲ್ಯಾಣ ಮಂಟಪದಲ್ಲಿ ಕೂರಿಸಿ ಸಹಿ ಪಡೆಯಬಹುದಿತ್ತು. ಹೊಸ ಕಾಯ್ದೆ ಆ ದಾರಿಯನ್ನು ಮುಚ್ಚಿತು. ಅಮೆರಿಕದಲ್ಲಿ 2020ರ ತಿದ್ದುಪಡಿಯ ನಂತರವೂ 2,000 ಡಾಲರ್ ಮೌಲ್ಯದ ಷೇರನ್ನು ಮೂರು ವರ್ಷ ಇಟ್ಟುಕೊಂಡವರು 500 ಪದಗಳೊಳಗೆ ಪ್ರಸ್ತಾವ ಕಳುಹಿಸಬಹುದು ಎಂಬ ನಿಯಮವಿದೆ. ನಮ್ಮಲ್ಲಿ ಷೇರುದಾರರ ಪ್ರಜಾಪ್ರಭುತ್ವದ ಬಗ್ಗೆ ಭಾಷಣಗಳಿಗೆ ಕೊರತೆಯಿಲ್ಲ. ನೂರು ಜನರ ನಿಯಮವನ್ನು ಮರಳಿ ತಂದರೆ ಆ ಭಾಷಣಗಳಿಗೆ ಅರ್ಥ ಬರುತ್ತದೆ ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ಶೇ 10ರ ದಾರಿ ಸತ್ತಿಲ್ಲ. ಮಧ್ಯಮ ಗಾತ್ರದ, ಪ್ರವರ್ತಕರ (ಕಂಪನಿ ಕಟ್ಟಿ ಹಿಡಿತ ಇಟ್ಟುಕೊಂಡವರ) ಪಾಲು ಕಡಿಮೆ ಇರುವ ಕಂಪನಿಗಳಲ್ಲಿ ಕೆಲವು ಫಂಡ್‌ಗಳು ಕೈಜೋಡಿಸಿದರೆ ಸಾಧ್ಯ. ಸದಸ್ಯರ ಪುಸ್ತಕವನ್ನು ಕಚೇರಿ ವೇಳೆಯಲ್ಲಿ ಶುಲ್ಕವಿಲ್ಲದೆ ನೋಡುವ ಹಕ್ಕು ಸದಸ್ಯರಿಗಿದೆ, ಪ್ರತಿ ಬೇಕಾದರೆ ಪುಟಕ್ಕೆ ಗರಿಷ್ಠ ₹10. ಆದರೆ 2022ರ ತಿದ್ದುಪಡಿಯ ನಂತರ ವಿಳಾಸ, ಇ–ಮೇಲ್, ಪ್ಯಾನ್ ವಿವರಗಳನ್ನು ತೋರಿಸುವುದಿಲ್ಲ. ಹೆಸರು ಸಿಗುತ್ತದೆ, ಮನೆ ಸಿಗುವುದಿಲ್ಲ. ಹಾಗಾಗಿ ಹುಡುಕಾಟವನ್ನು ದೊಡ್ಡ ಹೂಡಿಕೆದಾರರಿಂದಲೇ ಆರಂಭಿಸಿ; ಶೇ 1ಕ್ಕಿಂತ ಹೆಚ್ಚು ಪಾಲಿರುವವರ ಹೆಸರುಗಳು ತ್ರೈಮಾಸಿಕ ಷೇರು ಮಾಲೀಕತ್ವದ ವರದಿಯಲ್ಲಿ ಇರುತ್ತವೆ.

ಪತ್ರದಲ್ಲಿ ಏನಿರಬೇಕು?

‘ಕಂಪನಿಯು ಪರಿಸರದ ಬಗ್ಗೆ ಕಾಳಜಿ ವಹಿಸಲಿ’ ಎಂಬುದು ಗೊತ್ತುವಳಿಯಲ್ಲ, ಹಾರೈಕೆ. ಪರ–ವಿರೋಧ ಮತ ಹಾಕಲು ಬರುವಂತೆ, ಯಾರು, ಏನನ್ನು, ಯಾವಾಗ ಮಾಡಬೇಕು ಎಂದು ಒಂದೇ ವಾಕ್ಯದಲ್ಲಿ ಬರೆಯಿರಿ. ಉದಾಹರಣೆಗೆ, 2024ರ ಬೇಸಿಗೆಯ ನೀರಿನ ಬವಣೆ ನೆನಪಿರುವ ಷೇರುದಾರರು ಕಂಪನಿಯ ಬೆಂಗಳೂರು ಆವರಣಗಳ ಕೊಳವೆಬಾವಿ ಮತ್ತು ಟ್ಯಾಂಕರ್ ನೀರಿನ ಬಳಕೆಯ ಲೆಕ್ಕವನ್ನು ಪ್ರತಿವರ್ಷ ವಾರ್ಷಿಕ ವರದಿಯಲ್ಲಿ ಪ್ರಕಟಿಸಬೇಕು ಎಂದು ಕೇಳಬಹುದು.

ಇಲ್ಲೊಂದು ಸೂಕ್ಷ್ಮವಿದೆ. ದಿನನಿತ್ಯದ ಆಡಳಿತದ ಅಧಿಕಾರ ನಿರ್ದೇಶಕರ ಮಂಡಳಿಯದು. ಅದರ ಕೆಲಸದಲ್ಲಿ ಸಾಮಾನ್ಯ ಗೊತ್ತುವಳಿಯಿಂದ ಕೈಹಾಕಲು ಹೊರಟರೆ ‘ಇದು ಸಭೆಯಲ್ಲಿ ಸೂಕ್ತವಾಗಿ ಮಂಡಿಸಬಹುದಾದ ವಿಷಯವಲ್ಲ’ ಎಂದು ಕಂಪನಿ ಆಕ್ಷೇಪ ಎತ್ತುತ್ತದೆ. ಮಂಡಳಿಯನ್ನು ನಿಜವಾಗಿ ಕಟ್ಟಿಹಾಕಬೇಕೆಂದಿದ್ದರೆ ಗೊತ್ತುವಳಿಯನ್ನು ಕಂಪನಿಯ ಆಂತರಿಕ ನಿಯಮಾವಳಿಯ ತಿದ್ದುಪಡಿಯಾಗಿ ಬರೆಯಬೇಕು. ಅದಕ್ಕೆ ವಿಶೇಷ ಗೊತ್ತುವಳಿ ಬೇಕು, ಅಂದರೆ ವಿರೋಧ ಮತಗಳ ಮೂರು ಪಟ್ಟಾದರೂ ಪರ ಮತಗಳು ಬೀಳಬೇಕು. ಸಾಮಾನ್ಯ ಗೊತ್ತುವಳಿಗೆ ವಿರೋಧಕ್ಕಿಂತ ಒಂದು ಮತ ಹೆಚ್ಚಿದ್ದರೆ ಸಾಕು.

ಪದಗಳನ್ನು ತೂಗಿ ಬರೆಯಿರಿ. ಸಭೆಗೆ ಮುಂಚೆ ಇ–ಮತದಾನಕ್ಕೆ ಹೋದ ಗೊತ್ತುವಳಿಯನ್ನು ಸಭೆಯಲ್ಲಿ ತಿದ್ದಲು ಆಗುವುದಿಲ್ಲ. ವಿವರಣೆಯಲ್ಲಿ ಅಧ್ಯಕ್ಷರನ್ನು ಬೈದು ಪುಟ ತುಂಬಿಸುವ ಆಸೆಯಿದ್ದರೆ ತಡೆದುಕೊಳ್ಳಿ. ಮಾನಹಾನಿಕರ ಪ್ರಚಾರಕ್ಕಾಗಿ ಹಕ್ಕಿನ ದುರ್ಬಳಕೆ ಆಗುತ್ತಿದೆ ಎಂದು ಕೇಂದ್ರ ಸರ್ಕಾರ ಘೋಷಿಸಿದರೆ ಆ ವಿವರಣೆಯನ್ನು ಕಂಪನಿ ಹಂಚಬೇಕಿಲ್ಲ. ಕಂಪನಿಯ ವೆಚ್ಚವೂ ನಿಮ್ಮ ತಲೆಗೆ ಬರಬಹುದು.

ಪತ್ರಕ್ಕೆ ಎಲ್ಲರ ಸಹಿ ಬೇಕು. ಒಂದೇ ಹಾಳೆಯಲ್ಲಿ ಇರಬೇಕಿಲ್ಲ, ಹಲವು ಪ್ರತಿಗಳಲ್ಲಿ ಹಂಚಿಹೋಗಿದ್ದರೂ ನಡೆಯುತ್ತದೆ. ಪ್ರತಿ ಸಹಿಯ ಪಕ್ಕದಲ್ಲಿ ಡಿಮ್ಯಾಟ್ ಖಾತೆಯ ಸಂಖ್ಯೆ ಮತ್ತು ಷೇರುಗಳ ಸಂಖ್ಯೆ ಬರೆದು, ಷೇರು ಹೊಂದಿರುವ ವಿವರಪಟ್ಟಿ ಲಗತ್ತಿಸಿ. ಜಂಟಿ ಖಾತೆಯಾದರೆ ಎಲ್ಲರಿಂದಲೂ ಸಹಿ ಹಾಕಿಸಿಬಿಡಿ. ನೆಪ ಹುಡುಕುವವರಿಗೆ ಸಹಿಯಷ್ಟು ಸುಲಭದ ನೆಪ ಬೇರೆ ಸಿಗದು. ಕಂಪನಿಗೆ ತಗಲುವ ವೆಚ್ಚಕ್ಕೆ ಸಮಂಜಸವಾದ ಮೊತ್ತವನ್ನೂ ಪತ್ರದ ಜೊತೆಗೇ ಕಟ್ಟಬೇಕು. ಎಷ್ಟು ಎಂದು ಕಾಯ್ದೆ ಹೇಳಿಲ್ಲ. ಕಂಪನಿ ಕಾರ್ಯದರ್ಶಿಗೆ ಮೊದಲೇ ಬರೆದು ಅಂದಾಜು ಕೇಳಿ, ಉತ್ತರ ಬರದಿದ್ದರೆ ಆ ಪತ್ರವೇ ಮುಂದೆ ನಿಮ್ಮ ಸಾಕ್ಷಿ.

ದಿನಗಳ ಲೆಕ್ಕ

ಗೊತ್ತುವಳಿಯ ಕೋರಿಕೆ ಸಭೆಗೆ ಕನಿಷ್ಠ ಆರು ವಾರ ಮೊದಲು ತಲುಪಬೇಕು. ಆದರೆ ಕಂಪನಿ ಸಭೆಯ ಸೂಚನಾಪತ್ರ ಕಳುಹಿಸಬೇಕಾದುದು 21 ಪೂರ್ಣ ದಿನಗಳ ಮೊದಲು ಮಾತ್ರ. ಅಂದರೆ ಸೂಚನಾಪತ್ರ ಕೈಗೆ ಬಂದ ಮೇಲೆ ಓಡಾಡಿದರೆ ಗಡುವು ಮುಗಿದಿರುತ್ತದೆ.

ಇದಕ್ಕೆ ಕಾಯ್ದೆಯಲ್ಲೇ ಪರಿಹಾರವಿದೆ, ಗಮನವಿಟ್ಟು ಓದಿ. ನೀವು ಕೋರಿಕೆ ಸಲ್ಲಿಸಿದ ನಂತರ ಕಂಪನಿ ಆರು ವಾರದೊಳಗಿನ ದಿನಾಂಕಕ್ಕೆ ವಾರ್ಷಿಕ ಸಭೆ ಕರೆದರೆ, ನಿಮ್ಮ ಕೋರಿಕೆ ಸಕಾಲದಲ್ಲಿ ಬಂದಿದೆ ಎಂದೇ ಪರಿಗಣಿಸಬೇಕು. ಆದ್ದರಿಂದ ಸೂಚನಾಪತ್ರಕ್ಕೆ ಕಾಯದೆ ಹಿಂದಿನ ವರ್ಷದ ದಿನಾಂಕ ನೋಡಿ ಮುಂದಡಿ ಇಡಿ. ಇನ್ಫೊಸಿಸ್‌ನ 2025ರ ಮಹಾಸಭೆ ನಡೆದದ್ದು ಜೂನ್ 25ರಂದು. ಆರು ವಾರ ಹಿಂದಕ್ಕೆ ಎಣಿಸಿದರೆ ಮೇ 14. ಅಂಥ ಕಂಪನಿಗೆ ಏಪ್ರಿಲ್ ಕೊನೆಯಲ್ಲೇ ಪತ್ರ ತಲುಪಿಸಿದರೆ ನೆಮ್ಮದಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ಜೊತೆಗೆ ಒಂದು ಪ್ರತಿಯನ್ನು ಕೈಯಾರೆ ಕೊಟ್ಟು ಮೊಹರು ಹಾಕಿಸಿಕೊಳ್ಳಿ.

ವಾರ್ಷಿಕ ಸಭೆಯವರೆಗೆ ಕಾಯಲಾಗದಿದ್ದರೆ ಸೆಕ್ಷನ್ 100ರ ಅಡಿಯಲ್ಲಿ ವಿಶೇಷ ಸಭೆಯನ್ನೇ ಕರೆಯಿಸಬಹುದು. ಅಲ್ಲಿಯೂ ಶೇ 10. ಕೋರಿಕೆ ತಲುಪಿದ 21 ದಿನಗಳೊಳಗೆ ಮಂಡಳಿ ಸಭೆ ಕರೆಯಲು ಮುಂದಾಗಬೇಕು, 45 ದಿನಗಳೊಳಗೆ ಸಭೆ ನಡೆಯಬೇಕು. ಮಂಡಳಿ ಸುಮ್ಮನೆ ಕುಳಿತರೆ ಕೋರಿದವರೇ ಮೂರು ತಿಂಗಳೊಳಗೆ ಸಭೆ ನಡೆಸಬಹುದು. ಆ ಖರ್ಚನ್ನು ಕಂಪನಿ ತುಂಬಿಕೊಡಬೇಕು, ತಪ್ಪಿದ ನಿರ್ದೇಶಕರ ಸಂಭಾವನೆಯಿಂದ ಅದನ್ನು ಮುರಿದುಕೊಳ್ಳಬೇಕು. ಕಾಯ್ದೆಯಲ್ಲಿ ನನಗೆ ತುಂಬ ಇಷ್ಟವಾದ ಸಾಲು ಇದು.

ಕಾಗದದಲ್ಲಿ ಇರುವುದು ನೆಲದಲ್ಲಿ ಅಷ್ಟು ಸಲೀಸಲ್ಲ. ಜೀ ಎಂಟರ್‌ಟೇನ್‌ಮೆಂಟ್‌ನಲ್ಲಿ ಸುಮಾರು ಶೇ 18ರಷ್ಟು ಪಾಲು ಹೊಂದಿದ್ದ ಇನ್ವೆಸ್ಕೊ ಫಂಡ್‌ಗಳು 2021ರ ಸೆಪ್ಟೆಂಬರ್‌ನಲ್ಲಿ ವಿಶೇಷ ಸಭೆಗೆ ಕೋರಿದವು. ಮಂಡಳಿ ಒಪ್ಪಲಿಲ್ಲ, ಬಾಂಬೆ ಹೈಕೋರ್ಟ್‌ನ ಏಕಸದಸ್ಯ ಪೀಠವೂ ತಡೆ ನೀಡಿತು. 2022ರ ಮಾರ್ಚ್‌ನಲ್ಲಿ ವಿಭಾಗೀಯ ಪೀಠ ಆ ತಡೆಯನ್ನು ತೆರವುಗೊಳಿಸಿತು. ಅಷ್ಟರಲ್ಲಿ ಆರು ತಿಂಗಳು ಕಳೆದಿದ್ದವು. ಗೆದ್ದ ಇನ್ವೆಸ್ಕೊ ತನ್ನ ಕೋರಿಕೆಯನ್ನು ಹಿಂದಕ್ಕೆ ಪಡೆಯಿತು. ಗೊತ್ತುವಳಿಯ ಹಿಂದಿನ ಕಾರಣಗಳನ್ನು ಷೇರುದಾರರು ಬಿಡಿಸಿ ಹೇಳಬೇಕಿಲ್ಲ ಎಂದು ಎಲ್‌ಐಸಿ–ಎಸ್ಕಾರ್ಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಪತ್ರ ಬರೆಯುವಾಗ ಆ ಪ್ರಕರಣವನ್ನು ಉಲ್ಲೇಖಿಸಬಹುದು.

ಕೈಗೆಟುಕುವ ಬಾಗಿಲುಗಳು

ನಿಮ್ಮ ಅಸಮಾಧಾನ ನೀತಿಯ ಬಗ್ಗೆ ಅಲ್ಲದೆ ನಿರ್ದೇಶಕರ ಬಗ್ಗೆ ಆಗಿದ್ದರೆ ಸೆಕ್ಷನ್ 160 ನೋಡಿ. ಒಂದೇ ಷೇರು ಇರುವ ಸದಸ್ಯರೂ ಒಬ್ಬರ ಹೆಸರನ್ನು ನಿರ್ದೇಶಕ ಸ್ಥಾನಕ್ಕೆ ಸೂಚಿಸಬಹುದು, ತಮ್ಮ ಹೆಸರನ್ನೇ ಆದರೂ ಸರಿ. ಸಭೆಗೆ ಕನಿಷ್ಠ 14 ದಿನ ಮೊದಲು ನೋಂದಾಯಿತ ಕಚೇರಿಗೆ ಲಿಖಿತ ಸೂಚನೆ ಮತ್ತು ₹1 ಲಕ್ಷ ಠೇವಣಿ ತಲುಪಿಸಬೇಕು. ಅಭ್ಯರ್ಥಿ ಆಯ್ಕೆಯಾದರೆ ಅಥವಾ ಚಲಾವಣೆಯಾದ ಸಿಂಧು ಮತಗಳಲ್ಲಿ ಶೇ 25ಕ್ಕಿಂತ ಹೆಚ್ಚು ಪಡೆದರೆ ಠೇವಣಿ ವಾಪಸ್. ಅಭ್ಯರ್ಥಿಗೆ ನಿರ್ದೇಶಕರ ಗುರುತಿನ ಸಂಖ್ಯೆ ಇರಬೇಕು, ಒಪ್ಪಿಗೆ ಪತ್ರ ಕೊಡಬೇಕು. ಕಂಪನಿ ಈ ಉಮೇದುವಾರಿಕೆಯನ್ನು ಸಭೆಗೆ ಏಳು ದಿನ ಮೊದಲಾದರೂ ಸದಸ್ಯರಿಗೆ ತಿಳಿಸಬೇಕು. ಇಲ್ಲಿ ಗಡುವು 14 ದಿನ, ಆದ್ದರಿಂದ ಸೂಚನಾಪತ್ರ ಬಂದ ಮೇಲೂ ಸಮಯ ಉಳಿದಿರುತ್ತದೆ. ಸೋಲು ಬಹುತೇಕ ಖಚಿತ, ಲಕ್ಷ ರೂಪಾಯಿ ಹೋಗುವುದೂ ಖಚಿತ. ಪ್ರವರ್ತಕರು ಶೇ 70ಕ್ಕೂ ಹೆಚ್ಚು ಪಾಲು ಹೊಂದಿರುವ ವಿಪ್ರೊದಂಥ ಕಂಪನಿಯಲ್ಲಂತೂ ಲೆಕ್ಕ ಹಾಕುವ ಅಗತ್ಯವೇ ಇಲ್ಲ.

ನಿರ್ದೇಶಕರನ್ನು ತೆಗೆಯಬೇಕಾದರೆ ಸೆಕ್ಷನ್ 169 ಮತ್ತು 115ರ ವಿಶೇಷ ಸೂಚನೆ. ಶೇ 1ರಷ್ಟು ಮತಬಲ ಅಥವಾ ₹5 ಲಕ್ಷ ಪಾವತಿಯಾದ ಷೇರುಗಳು, ಇವೆರಡರಲ್ಲಿ ಒಂದಿದ್ದರೆ ಆಯಿತು. ಎರಡನೆಯದನ್ನು ಪೇಟೆಯ ಬೆಲೆಯಲ್ಲಲ್ಲ, ಮುಖಬೆಲೆಯ (ಕಂಪನಿ ಷೇರಿಗೆ ನಿಗದಿ ಮಾಡಿದ ಮೂಲ ಬೆಲೆಯ) ಲೆಕ್ಕದಲ್ಲಿ ನೋಡಿ: ಇನ್ಫೊಸಿಸ್ ಷೇರಿನ ಮುಖಬೆಲೆ ₹5, ಹಾಗಾಗಿ ಒಂದು ಲಕ್ಷ ಷೇರು. ವಿಪ್ರೊದ್ದು ₹2, ಎರಡೂವರೆ ಲಕ್ಷ ಷೇರು. ಹಲವು ಹಳೆಯ ಉದ್ಯೋಗಿಗಳು ಸೇರಿದರೆ ಅಸಾಧ್ಯವಲ್ಲ. ಸೂಚನೆ ಸಭೆಗೆ ಮೂರು ತಿಂಗಳಿಗಿಂತ ಮೊದಲು ಹೋಗಬಾರದು, 14 ದಿನಗಳಿಗಿಂತ ತಡವಾಗಬಾರದು. ಈ ಸೂಚನೆ ಕೊಟ್ಟ ಮಾತ್ರಕ್ಕೆ ಕಾರ್ಯಸೂಚಿಯಲ್ಲಿ ಜಾಗ ಸಿಗುತ್ತದೆಯೇ, ಶೇ 10ರ ಕೋರಿಕೆಯೂ ಬೇಕೇ ಎಂಬ ವಾದ ಹಳೆಯ ಕಾಯ್ದೆಯ ಕಾಲದಿಂದಲೂ ಇದೆ. ವಕೀಲರ ಶುಲ್ಕ ಖರ್ಚಾಗಬೇಕಾದ ಜಾಗ ಇದೊಂದೇ.

ಇನ್ನೊಂದು ಬಾಗಿಲು ಸೆಕ್ಷನ್ 151, ಸಣ್ಣ ಷೇರುದಾರರ ನಿರ್ದೇಶಕ. ₹20,000ಕ್ಕಿಂತ ಹೆಚ್ಚಿಲ್ಲದ ಮುಖಬೆಲೆಯ ಷೇರು ಹೊಂದಿರುವವರು ಸಣ್ಣ ಷೇರುದಾರರು. ಇನ್ಫೊಸಿಸ್‌ನಲ್ಲಿ 4,000 ಷೇರು ಇಟ್ಟುಕೊಂಡು ಜಯನಗರದಲ್ಲಿ ನೆಮ್ಮದಿಯಾಗಿರುವವರೂ ಕಾನೂನಿನ ಕಣ್ಣಲ್ಲಿ ಸಣ್ಣವರೇ. ಇಂಥ 1,000 ಜನ ಅಥವಾ ಇಂಥವರ ಒಟ್ಟು ಸಂಖ್ಯೆಯ ಹತ್ತನೇ ಒಂದು ಭಾಗ, ಯಾವುದು ಕಡಿಮೆಯೋ ಅಷ್ಟು ಸದಸ್ಯರು ಸಹಿ ಮಾಡಿ 14 ದಿನ ಮೊದಲು ಸೂಚನೆ ಕೊಟ್ಟು ಒಬ್ಬರ ಹೆಸರು ಸೂಚಿಸಬಹುದು. ಆಯ್ಕೆಯಾದವರ ಅವಧಿ ಗರಿಷ್ಠ ಮೂರು ವರ್ಷ. ಕಾನೂನು ಇದನ್ನು ಕಡ್ಡಾಯ ಮಾಡಿಲ್ಲವಾದ್ದರಿಂದ ಇಂಥ ನಿರ್ದೇಶಕರು ತೀರಾ ವಿರಳ. ಸಾವಿರ ಸಹಿ ಸಂಗ್ರಹಿಸಿ ತಂದವರೂ ವಿರಳ ಎನ್ನಿ.

ಮತ ಬೇಡುವ ಕೆಲಸ

ಗೊತ್ತುವಳಿ ಪಟ್ಟಿಗೆ ಸೇರಿತು ಎಂದಿಟ್ಟುಕೊಳ್ಳಿ. ಫಲಿತಾಂಶ ಸಭೆಯ ಭಾಷಣದಿಂದ ತೀರ್ಮಾನವಾಗುವುದಿಲ್ಲ. ಇ–ಮತದಾನ ಕನಿಷ್ಠ ಮೂರು ದಿನ ತೆರೆದಿದ್ದು, ಸಭೆಯ ಹಿಂದಿನ ದಿನ ಸಂಜೆ 5ಕ್ಕೆ ಮುಚ್ಚುತ್ತದೆ. ದೊಡ್ಡ ಮತಗಳು ಅಷ್ಟರಲ್ಲೇ ಬಿದ್ದಿರುತ್ತವೆ. ಹೀಗಾಗಿ ನಿಮ್ಮ ವಾದ ಮ್ಯೂಚುವಲ್ ಫಂಡ್‌ಗಳಿಗೆ ವಾರಗಳ ಮೊದಲೇ ತಲುಪಬೇಕು. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನಿಯಮದಂತೆ 2022ರ ಏಪ್ರಿಲ್‌ನಿಂದ ಫಂಡ್‌ಗಳು ಎಲ್ಲ ಗೊತ್ತುವಳಿಗಳ ಮೇಲೂ ಮತ ಹಾಕಲೇಬೇಕು, ಹೇಗೆ ಹಾಕಿದೆವು, ಏಕೆ ಎಂಬುದನ್ನು ಪ್ರಕಟಿಸಬೇಕು. ಫಂಡ್‌ನ ಜಾಲತಾಣದಲ್ಲಿ ಹಿಂದಿನ ಮತಗಳನ್ನು ಓದಿ, ಅದೇ ತರ್ಕವನ್ನು ಹಿಡಿದು ಒಂದು ಪುಟದ ಪತ್ರ ಬರೆಯಿರಿ.

ವಿಡಿಯೊ ಮೂಲಕ ನಡೆಯುವ ಸಭೆಯಲ್ಲಿ ಮಾತನಾಡಲು ಮುಂಚಿತವಾಗಿ ಹೆಸರು ನೋಂದಾಯಿಸಬೇಕು. ಕೊನೆಯ ದಿನಾಂಕ ಸೂಚನಾಪತ್ರದ ಟಿಪ್ಪಣಿಗಳಲ್ಲಿ ಸಣ್ಣಕ್ಷರದಲ್ಲಿ ಅಡಗಿರುತ್ತದೆ. ಸಿಗುವುದು ಕೆಲವೇ ನಿಮಿಷ. ಅಧ್ಯಕ್ಷರನ್ನು ಹೊಗಳಲು ಸರದಿಯಲ್ಲಿ ನಿಂತವರು ಬಹಳ ಮಂದಿ ಇರುತ್ತಾರೆ, ನೀವು ನೇರವಾಗಿ ಅಂಕಿಗೆ ಬನ್ನಿ. ಸಭೆ ಸಭಾಂಗಣದಲ್ಲಿ ನಡೆದರೂ ಉಡುಗೊರೆಯ ಡಬ್ಬಿ ನಿರೀಕ್ಷಿಸಬೇಡಿ. 2015ರ ಜುಲೈನಲ್ಲಿ ಜಾರಿಗೆ ಬಂದ ಕಂಪನಿ ಕಾರ್ಯದರ್ಶಿಗಳ ಸಂಸ್ಥೆಯ ಮಾನದಂಡ ಅದನ್ನು ನಿಷೇಧಿಸಿದೆ.

ಸರಿಯಾದ ಕೋರಿಕೆಯನ್ನು ಕಂಪನಿ ಕಡೆಗಣಿಸಿದರೆ ಸೆಕ್ಷನ್ 111ರ ಅಡಿ ದಂಡ ₹25,000. ದೊಡ್ಡ ಕಂಪನಿಗೆ ಇದು ಒಂದು ದಿನದ ಚಹಾ ಖರ್ಚೂ ಆಗಲಿಕ್ಕಿಲ್ಲ. ದೂರು ಕೊಡಬೇಕಾದುದು ಕಂಪನಿಗಳ ರಿಜಿಸ್ಟ್ರಾರ್‌ಗೆ. ಕರ್ನಾಟಕದಲ್ಲಿ ನೋಂದಣಿಯಾದ ಕಂಪನಿಯಾದರೆ ಆ ಕಚೇರಿ ಕೋರಮಂಗಲದ ಕೇಂದ್ರೀಯ ಸದನದಲ್ಲಿದೆ. ಮತದಾನದ ಫಲಿತಾಂಶವನ್ನು ಕಂಪನಿ ಎರಡು ಕೆಲಸದ ದಿನಗಳೊಳಗೆ ಷೇರುಪೇಟೆಗೆ ತಿಳಿಸಬೇಕು. ಅದರಲ್ಲಿ ಪ್ರವರ್ತಕರು, ಸಂಸ್ಥೆಗಳು, ಉಳಿದ ಸಾರ್ವಜನಿಕರು ಎಂದು ಮತಗಳು ಬಿಡಿಯಾಗಿ ಸಿಗುತ್ತವೆ. ಗೊತ್ತುವಳಿ ಸೋತಿದ್ದರೂ ಸಂಸ್ಥೆಗಳ ಕಾಲಂನಲ್ಲಿ ಪರ ಮತಗಳು ಎಷ್ಟಿವೆ ಎಂದು ನೋಡಿ, ಮುಂದಿನ ಏಪ್ರಿಲ್‌ನಲ್ಲಿ ಯಾರಿಗೆ ಪತ್ರ ಬರೆಯಬೇಕು ಎಂಬುದು ಅಲ್ಲಿಂದ ತಿಳಿಯುತ್ತದೆ.