ಯಾವ ನೋಡ್ ಯಾರ ಮಾತು ಕೇಳಬೇಕು: ಅಡಿಕೆ ತೋಟದಲ್ಲಿ ಬ್ಯಾಟರಿ ಉಳಿಸುವ ಕ್ರಮ

ಗೋವಾದ ಫೋಂಡಾ ಹತ್ತಿರ ನಮ್ಮ ಭಾವನ ಅಡಿಕೆ ತೋಟವಿದೆ, ಇಲ್ಲಿಯವರ ಮಾತಲ್ಲಿ ಕುಳಾಗರ. ಮಣ್ಣಿನ ತೇವ ಅಳೆಯಲು ಅಲ್ಲಿ ಹನ್ನೊಂದು ನೋಡ್ ಇಟ್ಟಿದ್ದೆ. ನೋಡ್ ಅಂದರೆ ಅಳೆದದ್ದನ್ನು ರೇಡಿಯೊದಲ್ಲಿ ಒಂದರಿಂದ ಒಂದಕ್ಕೆ ದಾಟಿಸಿ ಮನೆಗೆ ಮುಟ್ಟಿಸುವ ಪುಟ್ಟ ಸಾಧನ. ಒಂದೊಂದಕ್ಕೂ ಎನ್‌ಆರ್‌ಎಫ್24ಎಲ್01 ಪ್ಲಸ್ ರೇಡಿಯೊ, ಎರಡು ಪೆನ್ಸಿಲ್ ಸೆಲ್. ಎಲ್ಲವೂ ಪೂರ್ತಿ ಪವರ್‌ನಲ್ಲಿ, ಹಗಲೂ ರಾತ್ರಿ ಕಿವಿ ತೆರೆದುಕೊಂಡಿದ್ದವು. ಏಳನೇ ದಿನ ಭಾವನ ಫೋನು: "ಕೂಸೇ, ಒಂದೂ ಮಾತಾಡ್ತಾ ಇಲ್ಲೆ."

ಮೊದಲು ಡೇಟಾಶೀಟ್, ಅಂದರೆ ತಯಾರಕರ ವಿವರಪಟ್ಟಿ ನೋಡಿ. ಕಳಿಸುವ ಪವರ್‌ನ ಅಳತೆ ಡಿಬಿಎಂ, ಇದರಲ್ಲಿ 0 ಅತಿ ಹೆಚ್ಚು, ಮೈನಸ್ 18 ಅತಿ ಕಡಿಮೆ. ಈ ರೇಡಿಯೊ 0 ಡಿಬಿಎಂನಲ್ಲಿ ಕಳಿಸುವಾಗ 11.3 ಮಿಲಿಆಂಪ್ ಎಳೆಯುತ್ತದೆ, ಮೈನಸ್ 18ರಲ್ಲಿ 7. ಆದರೆ ಸುಮ್ಮನೆ ಕೇಳುತ್ತ ಕೂತರೂ 250 ಕೆಬಿಪಿಎಸ್ ವೇಗದಲ್ಲಿ 12.6! ಮಲಗಿಸಿದರೆ 900 ನ್ಯಾನೊಆಂಪ್ ಅಷ್ಟೇ. ಹಾಗಾಗಿ ಪವರ್ ಇಳಿಸುವುದೊಂದರಿಂದ ಬ್ಯಾಟರಿ ಉಳಿಯದು. ಒಂದು ನೋಡ್ ಕಿವಿಗೊಟ್ಟು ಕಾಯಬೇಕಾದ ನೆರೆಯ ನೋಡ್‌ಗಳನ್ನು ಕಡಿಮೆ ಮಾಡಿದರೆ ನಿದ್ದೆ ಹೆಚ್ಚುತ್ತದೆ, ಉಳಿತಾಯ ಅಲ್ಲಿದೆ.

ಈ ರೇಡಿಯೊ ಸಿಗ್ನಲ್ ಬಲವನ್ನು ಅಂಕಿಯಲ್ಲಿ ಕೊಡುವುದಿಲ್ಲ, ಎಷ್ಟು ಪ್ಯಾಕೆಟ್ (ಒಮ್ಮೆಗೆ ಕಳಿಸುವ ಮಾಹಿತಿಯ ಕಟ್ಟು) ಮುಟ್ಟಿತೆಂದು ಎಣಿಸಿಯೇ ತಿಳಿಯಬೇಕು. ಮುಟ್ಟದ ಪ್ಯಾಕೆಟ್ಟನ್ನು ತಾನಾಗಿ ಮತ್ತೆ ಕಳಿಸುವ ಸೌಲಭ್ಯ ಆಫ್ ಮಾಡಿ, ಪ್ರತಿ ನೋಡ್ ನಾಲ್ಕೂ ಹಂತದಲ್ಲಿ, ಅಂದರೆ 0, ಮೈನಸ್ 6, 12, 18ರಲ್ಲಿ, ನೂರು ನೂರು ಪ್ಯಾಕೆಟ್ ಕಳಿಸಲಿ. ಉಳಿದವು ಎಣಿಸಲಿ. ಎರಡೂ ದಿಕ್ಕಿನಲ್ಲಿ 90 ದಾಟುವ ಅತಿ ಕಡಿಮೆ ಹಂತವೇ ಆ ಕೊಂಡಿಯ, ಅಂದರೆ ಆ ಎರಡು ನೋಡ್‌ಗಳ ನೇರ ಸಂಪರ್ಕದ, ಬೆಲೆ. ನೋಡನ್ನು ಕೈಯಲ್ಲಿ ಹಿಡಿದು ಅಳೆಯಬೇಡಿ, ಅದು ಇರುವ ಮರದ ಬುಡದಲ್ಲೇ ಇರಲಿ. ಒದ್ದೆ ಎಲೆ 2.4 ಗಿಗಾಹರ್ಟ್ಸ್ ಅಲೆಯನ್ನು ನುಂಗುತ್ತದೆ. ನಾನು ಮೇ ತಿಂಗಳಲ್ಲಿ ಅಳೆದದ್ದು ಜೂನ್ ಮಳೆಗೆ ಸುಳ್ಳಾಯಿತು. ಮಳೆ ಹಿಡಿದ ದಿನವೇ ಅಳೆಯಿರಿ.

ಈಗ ಕೊಂಡಿ ಕಡಿಯಿರಿ. ವಾಟನ್‌ಹೋಫರ್ ಮತ್ತು ಜೋಲಿಂಗರ್ ಎಂಬ ಸಂಶೋಧಕರು 2004ರಲ್ಲಿ ಕೊಟ್ಟ, ಬೇಡದ ಕೊಂಡಿ ಆರಿಸಿ ಬಿಡುವ ಎಕ್ಸ್‌ಟಿಸಿ ವಿಧಾನ ನನಗೆ ತುಂಬ ಇಷ್ಟ. ಅದಕ್ಕೆ ಜಿಪಿಎಸ್ ಬೇಡ, ದೂರವೂ ಬೇಡ. ಎರಡು ನೋಡ್ ತಗೊಳ್ಳಿ: ಇಬ್ಬರಿಗೂ ಪರಸ್ಪರರಿಗಿಂತ ಚೆನ್ನಾಗಿ ಕೇಳಿಸುವ ಮೂರನೆಯವನಿದ್ದರೆ ಆ ಇಬ್ಬರ ನೇರ ಕೊಂಡಿ ಕೈಬಿಡಿ. ನಮ್ಮಲ್ಲಿ ಬಾವಿಯ ನೋಡ್‌ನಿಂದ ಮನೆಯದಕ್ಕೆ 0 ಬೇಕಿತ್ತು. ಬಾವಿಯಿಂದ ಪಂಪ್‌ಮನೆಗೆ ಮೈನಸ್ 12, ಅಲ್ಲಿಂದ ಮನೆಗೆ ಮೈನಸ್ 6 ಸಾಕಿತ್ತು. ಬಾವಿ–ಮನೆ ಕೊಂಡಿ ಹೋಯಿತು. ಬೆಲೆ ಸಮನಾದರೆ ಕಡಿಯಬೇಡಿ. ಹೀಗೆ ಮಾಡಿದರೆ ಜಾಲ ಎಲ್ಲೂ ತುಂಡಾಗುವುದಿಲ್ಲ.

ಉಳಿದ ನೆರೆಯವರಲ್ಲಿ ಅತಿ ಕಷ್ಟದವನಿಗೆ ಬೇಕಾದ ಹಂತಕ್ಕೆ ಪವರ್ ಇಳಿಸಿ.

ಕೊನೆಗೆ ನಿದ್ದೆಯ ಲೆಕ್ಕ. ಅರ್ಧ ಗಂಟೆಗೊಮ್ಮೆ ಎಚ್ಚರವಾದರೆ, 20 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 20 ಪಾಲು ತಪ್ಪುವ ಗಡಿಯಾರ ಸ್ಫಟಿಕ 36 ಮಿಲಿಸೆಕೆಂಡ್ ಸರಿದಿರುತ್ತದೆ. ಇಬ್ಬರೂ ವಿರುದ್ಧ ದಿಕ್ಕಿಗೆ ಸರಿದರೆ 72. ಅದಕ್ಕೆ 100 ಮಿಲಿಸೆಕೆಂಡ್ ಮೊದಲೇ ಕಿವಿ ತೆರೆಯಿರಿ, ಪ್ರತಿ ಭೇಟಿಯಲ್ಲೂ ಗಡಿಯಾರ ಸರಿಪಡಿಸಿಕೊಳ್ಳಿ.

ಎಲ್ಲರ ಮಾತನ್ನೂ ಮನೆಗೆ ಮುಟ್ಟಿಸುವ ನೋಡ್ ಎಲ್ಲಕ್ಕಿಂತ ಮೊದಲು ಸೋಲುತ್ತದೆ. ನಮ್ಮಲ್ಲಿ ಅದು ಪಂಪ್‌ಮನೆಯದು. ಅಡಿಕೆ ನೆರಳಲ್ಲಿ ಸೋಲಾರ್‌ಗೆ ಬಿಸಿಲಿಲ್ಲ, ಆದ್ದರಿಂದ ಪ್ಯಾನೆಲ್ಲನ್ನು ಭಾವ ಪಂಪ್‌ಮನೆಯ ಹೆಂಚಿನ ಮೇಲೆ ಕಟ್ಟಿಕೊಟ್ಟರು.