ಫೆಟಲ್: ಹಳೇ ಪದವೊಂದರ ಅರ್ಥಗಳನ್ನು ನಾನು ಬಿಡಿಸಿಕೊಂಡ ಬಗೆ

ಬೆಳಗಾವಿಯ ಫೌಂಡ್ರಿಗಳಲ್ಲಿ, ಅಂದರೆ ಲೋಹ ಕರಗಿಸಿ ಅಚ್ಚಿಗೆ ಎರೆಯುವ ಕಾರ್ಖಾನೆಗಳಲ್ಲಿ, ಫೆಟ್ಲಿಂಗ್ ಅಂದರೆ ಏನು ಅಂತ ಯಾರಿಗೂ ಹೇಳಬೇಕಿಲ್ಲ. ಅಚ್ಚಿನಿಂದ ಹೊರಬಂದ ಕಾಸ್ಟಿಂಗ್‌ಗೆ ಅಂಟಿದ ಮರಳು ತೆಗೆದು, ರನ್ನರ್ ರೈಸರ್ (ಲೋಹ ಎರೆಯುವ ದಾರಿಗಳಲ್ಲಿ ಗಟ್ಟಿಯಾಗಿ ಉಳಿದ ಹೆಚ್ಚುವರಿ ತುಂಡುಗಳು) ಒಡೆದು, ಅಂಚುಗಳನ್ನು ಗ್ರೈಂಡರ್‌ನಲ್ಲಿ ಉಜ್ಜುವ ಕೆಲಸ. ಹೊಸದಾಗಿ ಸೇರುವ ಹುಡುಗರಿಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುವಾಗ ಈ ಪದದ ಮೂಲ ಹುಡುಕಿಕೊಂಡು ಹೊರಟೆ.

ಫೆಟ್ಲಿಂಗ್ ಬಂದಿದ್ದು ‘ಫೆಟಲ್’ ಅನ್ನುವ ಕ್ರಿಯಾಪದದಿಂದ. ಇದು ಉತ್ತರ ಇಂಗ್ಲೆಂಡಿನ ಆಡುಮಾತು. ಮೊದಲು ನೋಡಿದ್ದು ಜೋಸೆಫ್ ರೈಟ್ ಅವರ ಇಂಗ್ಲಿಷ್ ಆಡುಮಾತಿನ ನಿಘಂಟು. 1898ರಿಂದ 1905ರವರೆಗೆ 6 ಸಂಪುಟಗಳಲ್ಲಿ ಬಂತು. ರೈಟ್ ಯಾರ್ಕ್‌ಷೈರ್‌ನವರು, ಚಿಕ್ಕಂದಿನಲ್ಲೇ ಗಿರಣಿ ಕೆಲಸಕ್ಕೆ ಹೋದವರು, ಹದಿಹರೆಯದಲ್ಲಿ ಓದು ಕಲಿತು ಕೊನೆಗೆ ಆಕ್ಸ್‌ಫರ್ಡಿನಲ್ಲಿ ಪ್ರೊಫೆಸರ್ ಆದರು. ದುಡಿಯುವ ಜನರ ಮಾತಿಗೆ ಅವರು ಕೊಟ್ಟ ಗೌರವ ನನಗೆ ತುಂಬಾ ಹಿಡಿಸಿತು.

ಅರ್ಥಗಳನ್ನು ಸುಮ್ನೆ ಪಟ್ಟಿ ಮಾಡಲಿಲ್ಲ. ಪ್ರತಿಯೊಂದರ ಪಕ್ಕ ಯಾರು, ಯಾವುದನ್ನು ಫೆಟಲ್ ಮಾಡ್ತಾರೆ ಅಂತ ಬರೆದೆ. ಮನೆಯನ್ನಾದರೆ ಗುಡಿಸಿ ಒಪ್ಪ ಮಾಡೋದು. ಕುದುರೆಯನ್ನಾದರೆ ಮೈ ಉಜ್ಜಿ ಮೇವು ಹಾಕೋದು. ಕೆಟ್ಟ ಸಾಮಾನನ್ನಾದರೆ ರಿಪೇರಿ. ಮನುಷ್ಯನನ್ನು ಫೆಟಲ್ ಮಾಡ್ತೀನಿ ಅಂದರೆ ನಾಲ್ಕು ಬಿಗೀತೀನಿ ಅಂತ! ಕುಂಬಾರಿಕೆಯಲ್ಲಿ, ಸುಡುವ ಮೊದಲು ಅಚ್ಚಿನ ಗೆರೆಯನ್ನು ಚಾಕುವಿನಿಂದ ಹೆರೆಯೋದು. ಆಸ್ಟ್ರೇಲಿಯಾದಲ್ಲಿ ಫೆಟ್ಲರ್ ಅಂದರೆ ರೈಲು ಹಳಿ ನೋಡಿಕೊಳ್ಳುವವನು, ನಮ್ಮ ಗ್ಯಾಂಗ್‌ಮನ್ ಇದ್ದಹಾಗೆ.

ಇಲ್ಲಿಯವರೆಗೂ ಎಲ್ಲಾ ಒಂದು ದಾರಿಗೆ ಬರ್ತಿತ್ತು. ತಲೆ ತಿಂದಿದ್ದು ಹಳೇ ಕಬ್ಬಿಣದ ಕುಲುಮೆ. ಅಲ್ಲಿ ಫೆಟ್ಲಿಂಗ್ ಅಂದರೆ ತೆಗೆಯೋದಲ್ಲ, ಒಳಗಿನ ತಳ ಮತ್ತು ಗೋಡೆಗೆ ಕಬ್ಬಿಣದ ಆಕ್ಸೈಡ್ ಇರುವ ಸಾಮಗ್ರಿಯನ್ನು ಮೆತ್ತೋದು. ಸ್ವಚ್ಛ ಮಾಡೋದು ಅನ್ನುವ ಅರ್ಥ ಇಲ್ಲಿ ಕೂರೋದೇ ಇಲ್ಲ ಅಲ್ವಾ? ಅದಕ್ಕೇ ಇನ್ನೂ ಹಿಂದಕ್ಕೆ ಹೋದೆ. ಹಳೆಯ ಇಂಗ್ಲಿಷಿನಲ್ಲಿ ‘ಫೆಟೆಲ್’ ಅಂದರೆ ನಡುಪಟ್ಟಿ. ಅದರಿಂದಲೇ ಈ ಕ್ರಿಯಾಪದ ಬಂತು ಅಂತಾರೆ, ನಾವು ಟೊಂಕ ಕಟ್ಟಿ ನಿಲ್ಲೋದು ಅನ್ನುವ ಹಾಗೆಯೇ: ಸಜ್ಜಾಗೋದು, ಸಜ್ಜು ಮಾಡೋದು. ಆಗ ಕುಲುಮೆಯೂ ಹೊಂದಿಕೊಂಡಿತು. ಮುಂದಿನ ಕಬ್ಬಿಣ ಹಾಕಲು ಅದನ್ನು ಸಜ್ಜು ಮಾಡ್ತಿದ್ದರು.

ನಾಮಪದವೂ ಇದೆ, ಸ್ಥಿತಿ ಅಂತ ಅರ್ಥ. ಉತ್ತರದ ಕಡೆ ಎದುರು ಸಿಕ್ಕವರನ್ನು ‘ವಾಟ್ ಫೆಟಲ್?’ ಅಂತ ಕೇಳ್ತಿದ್ದರು, ಹೆಂಗದೀರಿ ಅಂತ.

ಟಿಪ್ಪಣಿಯಲ್ಲಿ ಫೆಟ್ಲಿಂಗ್ ಪದವನ್ನು ಹಾಗೇ ಉಳಿಸಿದೆ. ಅರ್ಥದ ಜಾಗದಲ್ಲಿ ಮಾತ್ರ ‘ಕ್ಲೀನಿಂಗ್’ ಹೊಡೆದುಹಾಕಿ ‘ಕಾಸ್ಟಿಂಗನ್ನು ಮಷೀನಿಂಗ್‌ಗೆ ಸಜ್ಜು ಮಾಡುವುದು’ ಅಂತ ಬರೆದೆ. ಮಷೀನಿಂಗ್ ಅಂದರೆ ಯಂತ್ರದಲ್ಲಿ ಕೊರೆದು ಅಳತೆಗೆ ತರುವ ಮುಂದಿನ ಕೆಲಸ. ಕ್ಲೀನಿಂಗ್ ಅಂದರೆ ಹೊಸಬ ಮರಳು ಉದುರಿಸಿ ಕೆಲಸ ಮುಗೀತು ಅಂದುಕೊಳ್ತಾನೆ, ಅಂಚು ಹಾಗೇ ಉಳಿಯುತ್ತೆ.