ಒಂದೂ ಸುಳ್ಳು ಹೇಳದ ಸೊಸೆ

ಸೈಕಾಲಜಿಕಲ್ ಥ್ರಿಲ್ಲರ್ ಬರೆಯಲು ಕೂತಾಗ ನಾನು ಹಾಕಿಕೊಂಡ ಷರತ್ತು ಒಂದೇ. ಕಥೆ ಹೇಳುವ ಸೊಸೆ ಓದುಗರಿಗೆ ಒಂದೂ ಸುಳ್ಳು ಹೇಳಬಾರದು. ಮುಚ್ಚಿಡಬಹುದು, ಹಾರಿಸಬಹುದು, ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಹಸಿ ಸುಳ್ಳು ಮಾತ್ರ ಬೇಡ. ಕೊನೆಗೆ "ಇಷ್ಟು ಹೊತ್ತು ಹೇಳಿದ್ದೆಲ್ಲ ಸುಳ್ಳು" ಅಂದುಬಿಟ್ಟರೆ ಓದಿದವರು ಪುಸ್ತಕ ಬಿಸಾಡುತ್ತಾರೆ. ಬಿಸಾಡಲೇಬೇಕು.

ಕಥೆ ಇಷ್ಟೇ. ಮಳೆಗಾಲದ ರಾತ್ರಿ ಅತ್ತೆ ಹಿತ್ತಿಲಿಗೆ ಹೋಗುತ್ತಾರೆ, ಬೆಳಗ್ಗೆ ಬಾವಿಕಟ್ಟೆ ಹತ್ತಿರ ಹೆಣವಾಗಿ ಸಿಗುತ್ತಾರೆ. ಮನೆಯಲ್ಲಿದ್ದದ್ದು ಸೊಸೆ ಒಬ್ಬಳೇ.

ಮೊದಲು ನೋಟ್‌ಬುಕ್ ಹಿಡಿದೆ. ಎಡಗಡೆ ಪುಟದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ನಿಜವಾಗಿ ನಡೆದದ್ದು, ಬಲಗಡೆ ಅವಳು ಹೇಳುವುದು. ಹಾರಿಸುವ ಪಾಠ ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿಯದ್ದು. 1926ರ 'ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್'ನಲ್ಲಿ ಕಥೆ ಹೇಳುವ ಡಾಕ್ಟರೇ ಕೊಲೆಗಾರ. (ಹತ್ತಿರ ಹತ್ತಿರ ನೂರು ವರ್ಷ ಆಯ್ತು, ಗುಟ್ಟು ಬಿಟ್ಟುಕೊಟ್ಟೆ ಅಂತ ಬೈಯಬೇಡಿ.) ಅವನು ಹತ್ತು ನಿಮಿಷ ಏನು ಮಾಡಿದ ಅನ್ನೋದನ್ನು ಹಾರಿಸುತ್ತಾನೆ, ಅಷ್ಟೇ. ಕೊನೆಗೆ ಆ ಜಾಗ ತಾನೇ ತೋರಿಸಿ ಬೀಗುತ್ತಾನೆ.

ಆದರೆ ಹಾರಿಸುವುದಕ್ಕಿಂತ ಮುಂಚೆ ನಂಬಿಸಬೇಕಲ್ವಾ? ಅದಕ್ಕೆ ಸೊಸೆಯಿಂದ ಸಣ್ಣ ಸಣ್ಣ ತಪ್ಪು ಒಪ್ಪಿಸಿದೆ. ದಿನಸಿ ದುಡ್ಡಲ್ಲಿ ಐವತ್ತು ರೂಪಾಯಿ ಉಳಿಸಿ ಸಾಸಿವೆ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದೆ ಅನ್ನುತ್ತಾಳೆ. ಅತ್ತೆ ಕೆಮ್ಮಿದರೆ ಮೈ ಉರಿಯುತ್ತಿತ್ತು ಅನ್ನುತ್ತಾಳೆ. ಇಷ್ಟನ್ನು ಬಾಯಿಬಿಟ್ಟು ಹೇಳಿದವಳು ಇನ್ನೇನು ಮುಚ್ಚಿಟ್ಟಾಳು ಅಂತ ಓದುವವರಿಗೆ ಅನ್ನಿಸುತ್ತದೆ. "ನನ್ನನ್ನು ನಂಬಿ" ಅನ್ನುವ ಮಾತು ಮಾತ್ರ ಎಲ್ಲೂ ಇಡಲಿಲ್ಲ. ಅದನ್ನು ಕೇಳಿದ ಕೂಡಲೇ ಯಾರಿಗಾದರೂ ಅನುಮಾನ ಬರುತ್ತದೆ.

ಜಾಸ್ತಿ ಹೊತ್ತು ತಿಂದದ್ದು ನಾಲ್ಕೇ ವಾಕ್ಯ: "ಅಡುಗೆಮನೆಗೆ ಹೋದೆ. ದೀಪ ಆರಿದೆ. ಹಿತ್ತಿಲ ಬಾಗಿಲು ಹಾಕಿದೆ. ಮಳೆ ಶುರುವಾಗಿದೆ." ಹಿಂದೆ ಮುಂದೆ ದೀಪ, ಮಳೆ ಇರುವುದರಿಂದ ಬಾಗಿಲೂ ಮೊದಲೇ ಹಾಕಿತ್ತು ಅಂತ ಕಣ್ಣು ಓದಿಕೊಂಡು ಹೋಗುತ್ತದೆ. ಎರಡನೇ ಸಲ ಓದಿದರೆ ಹಾಕಿದ್ದು ಅವಳೇ. 'ನಾನು' ಅಂತ ಬಿಡಿಸಿ ಹೇಳದೆಯೂ ನಮ್ಮ ಭಾಷೆಯಲ್ಲಿ ಮಾತು ನಡೆಯುತ್ತದೆ. ನನಗೆ ಬೇಕಾಗಿದ್ದ ಕಳ್ಳದಾರಿ ಅದೇ. ಪ್ರೂಫ್ ನೋಡಿದವರು ಅಲ್ಲಿ 'ಹಾಕಿತ್ತು' ಅಂತ ತಿದ್ದಿದ್ದರು, ಫೋನ್ ಮಾಡಿ ಮೊದಲಿನ ಹಾಗೇ ಇಡಿಸಿದೆ.

ಪಕ್ಕದ ಮನೆಯವಳ ಸಾಕ್ಷಿಗೆ ಬೇರೆ ದಾರಿ ಹಿಡಿದೆ. 1974ರ ಒಂದು ಪ್ರಯೋಗದಲ್ಲಿ ಮನಶ್ಶಾಸ್ತ್ರದ ಸಂಶೋಧಕರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಫಿಲ್ಮ್ ತೋರಿಸಿದರು. ಕಾರುಗಳು "ಡಿಕ್ಕಿಯಾದಾಗ" ವೇಗ ಎಷ್ಟಿತ್ತು ಅಂತ ಕೆಲವರನ್ನು, "ನುಚ್ಚುನೂರಾದಾಗ" ಎಷ್ಟಿತ್ತು ಅಂತ ಇನ್ನು ಕೆಲವರನ್ನು ಕೇಳಿದರು. ವಾರ ಬಿಟ್ಟು, ಒಡೆದ ಗಾಜು ನೋಡಿದಿರಾ ಅಂದರು. ಫಿಲ್ಮಿನಲ್ಲಿ ಗಾಜೇ ಒಡೆದಿರಲಿಲ್ಲ. ಆದರೂ ಮೊದಲ ಗುಂಪಿನ 50 ಜನರಲ್ಲಿ 7, ಎರಡನೆಯದರಲ್ಲಿ 16 ಜನ ಹೌದು ಅಂದರು. ನನ್ನ ಇನ್‌ಸ್ಪೆಕ್ಟರ್ ಕೂಡ ಪಕ್ಕದ ಮನೆಯವಳನ್ನು "ಅಜ್ಜಿ ಕೂಗಿದ್ದು ಎಷ್ಟು ಹೊತ್ತಿಗೆ ಕೇಳಿಸ್ತಮ್ಮಾ?" ಅಂತಾನೆ. ಅಲ್ಲಿಯವರೆಗೆ ಯಾವ ಕೂಗನ್ನೂ ಹೇಳದವಳು "ಹನ್ನೊಂದು ಆಗಿರಬೇಕು ಸಾರ್" ಅಂತಾಳೆ. ಪಾಪ, ಅವಳೂ ಸುಳ್ಳುಗಾತಿಯಲ್ಲ.

ಸೊಸೆಗೆ ಮರೆವಿನ ಕಾಯಿಲೆ, ಮಾತ್ರೆ, ಕುಡಿತ ಯಾವುದನ್ನೂ ಅಂಟಿಸಲಿಲ್ಲ. ಇಂಥ ಕಥೆಗಳಲ್ಲಿ ಅದು ಸುಲಭದ ದಾರಿ. ಮಾನಸಿಕ ಕಾಯಿಲೆ ಇರುವವರ ಮಾತು ನಂಬಬೇಡಿ ಅಂತ ಸುಮ್ನೆ ಹೇಳಿಕೊಟ್ಟ ಹಾಗೂ ಆಗುತ್ತದೆ.

ಕೊನೆಗೆ ತಪ್ಪೊಪ್ಪಿಗೆಯನ್ನೂ ಇಡಲಿಲ್ಲ. ಹೇಳಿಕೆಗೆ ಸೈನ್ ಹಾಕಿ ಮನೆಗೆ ಬರುತ್ತಾಳೆ, ಅಷ್ಟೇ. ಅತ್ತೆ ಹೊರಗಿದ್ದದ್ದು ಅವಳಿಗೆ ಗೊತ್ತೇ ಇರಲಿಲ್ಲ ಅಂತ ನನ್ನ ತಂಗಿ ಈಗಲೂ ವಾದಿಸುತ್ತಾಳೆ. ಎಡಗಡೆ ಪುಟಗಳನ್ನು ಅವಳಿಗೆ ತೋರಿಸಿಲ್ಲ.